ಎಲ್ಲಿಯವರೆಗೆ ಬಂದು ನಿಂತಿತು?

ಕಳೆದ ಆಷಾಢದ ಒಂದು ರಾತ್ರಿ, ಎಂಟೂವರೆಯ ಹೊತ್ತಿಗೆ, ತಂಗಿಯ ಮಗಳು ತೀರ್ಥಹಳ್ಳಿಯಿಂದ ಫೋನ್ ಮಾಡಿದಳು. ಅಲ್ಲಿ ಮಳೆ ಹೊಯ್ಯುತ್ತಿದ್ದದ್ದು ಫೋನಿನಲ್ಲೇ ಕೇಳುತ್ತಿತ್ತು. "ಮಾವ, ಲ್ಯಾಪ್‌ಟಾಪ್ ಆನೇ ಆಗ್ತಿಲ್ಲ. ನಾಳೆ ಹನ್ನೊಂದು ಗಂಟೆಗೆ ಪ್ರಾಜೆಕ್ಟ್ ರಿಪೋರ್ಟ್ ಕೊಡ್ಬೇಕು. ಎಲ್ಲಾ ಅದ್ರಲ್ಲೇ ಇದೆ." ದನಿ ನಡುಗುತ್ತಿತ್ತು.

"ಬಟನ್ ಒತ್ತಿದ್ರೆ ದೀಪ ಹತ್ತುತ್ತಾ?" ಅಂದೆ. ಹತ್ತುತ್ತೆ ಅಂದಳು. "ಫ್ಯಾನ್ ಶಬ್ದ?" ಬರುತ್ತೆ. "ಕಂಪನಿ ಹೆಸರು ಮೂಡುತ್ತಾ?" ಇಲ್ಲ, ಬರೀ ಕಪ್ಪು. ಆಮೇಲೆ ಅವಳೇ ಹೇಳಿದಳು: "ಕ್ಯಾಪ್ಸ್ ಲಾಕ್ ಲೈಟ್ ಒಂದು ಮಿಣುಕ್ತಾ ಇದೆ ಮಾವ, ನಾನು ಒತ್ತದೇನೇ."

ಅಷ್ಟು ಸಾಕಿತ್ತು. ಚಾರ್ಜರ್ ಸರಿ ಇದೆ, ಬಟನ್ ಸರಿ ಇದೆ. ಯಂತ್ರ ಎದ್ದಿದೆ, ಎದ್ದ ಕೂಡಲೇ ಎಲ್ಲೋ ಮುಗ್ಗರಿಸಿದೆ. ಅವಳ ರಿಪೋರ್ಟ್ ಕೂತಿರುವ ಡಿಸ್ಕಿನ ಸರದಿ ಇನ್ನೂ ಬಂದೇ ಇಲ್ಲ. ಹಾಗಾಗಿ ಮೊದಲು ಅದನ್ನೇ ಹೇಳಿದೆ: "ನಿನ್ನ ಫೈಲಿಗೆ ಏನೂ ಆಗಿರಲಿಕ್ಕಿಲ್ಲ. ಸಮಾಧಾನ ಮಾಡ್ಕೋ."

"ಆನ್ ಆಗ್ತಿಲ್ಲ" ಎಂಬುದು ಒಂದು ತೊಂದರೆಯ ಹೆಸರಲ್ಲ, ಹತ್ತಾರು ತೊಂದರೆಗಳಿಗೆ ನಾವು ಇಟ್ಟುಕೊಂಡಿರುವ ಒಂದೇ ಹೆಸರು. ಶಿವಮೊಗ್ಗದಿಂದ ಬೆಂಗಳೂರಿಗೆ ಬರಬೇಕಾದ ಬಸ್ಸು ಬರಲಿಲ್ಲ ಎಂದರೆ, ಡಿಪೋದಿಂದಲೇ ಹೊರಡಲಿಲ್ಲವೋ, ತರೀಕೆರೆಯಲ್ಲಿ ನಿಂತಿತೋ, ತುಮಕೂರಿನವರೆಗೂ ಬಂದು ಕೆಟ್ಟಿತೋ ಎಂದು ವಿಚಾರಿಸುತ್ತೇವೆ. ಲ್ಯಾಪ್‌ಟಾಪಿಗೂ ಕೇಳಬೇಕಾದ ಪ್ರಶ್ನೆ ಅದೇ. ಎಲ್ಲಿಯವರೆಗೆ ಬಂದು ನಿಂತಿತು? ಇದಕ್ಕೆ ಉತ್ತರ ಇಟ್ಟುಕೊಂಡು ಅಂಗಡಿಗೆ ಹೋದವರಿಗೂ "ಆನ್ ಆಗ್ತಿಲ್ಲ, ನೋಡಿ" ಎಂದು ಕೈಗೊಪ್ಪಿಸಿ ಬಂದವರಿಗೂ ಸಿಗುವ ರಿಪೇರಿಯಲ್ಲಿ ಬಹಳ ವ್ಯತ್ಯಾಸವಿದೆ. ಅದನ್ನು ಕಣ್ಣಾರೆ ನೋಡಿದ್ದೇನೆ, ಮುಂದೆ ಹೇಳುತ್ತೇನೆ.

ಡಿಪೋದಿಂದ ಶುರುಮಾಡೋಣ. ಬಟನ್ ಒತ್ತಿದರೆ ದೀಪವಿಲ್ಲ, ಸದ್ದಿಲ್ಲ, ಏನೂ ಇಲ್ಲ. ಆಗ ಲ್ಯಾಪ್‌ಟಾಪನ್ನು ಅನುಮಾನಿಸುವ ಮೊದಲು ಗೋಡೆಯನ್ನು ಅನುಮಾನಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ. ಅದೇ ಸಾಕೆಟ್ಟಿಗೆ ಫೋನ್ ಚಾರ್ಜರ್ ಹಾಕಿ ಕರೆಂಟು ಬರುತ್ತಿದೆಯೇ ನೋಡಿ. ಅಡಾಪ್ಟರಿನ ಮೇಲೆ ಪುಟ್ಟ ದೀಪವಿದ್ದರೆ ಅದು ಉರಿಯುತ್ತಿದೆಯೇ ನೋಡಿ. ಮನೆಗೆ ಬರುವ 230 ವೋಲ್ಟನ್ನು 19 ಅಥವಾ 20 ವೋಲ್ಟಿಗೆ ಇಳಿಸಿಕೊಡುವುದು ಆ ಕಪ್ಪು ಡಬ್ಬಿಯ ಕೆಲಸ. ಸಿಡಿಲಿಗೂ ವೋಲ್ಟೇಜ್ ಏರಿಳಿತಕ್ಕೂ ಮೊದಲು ಎದೆಕೊಡುವುದು ಅದೇ, ಹಾಗಾಗಿ ಮೊದಲು ಸಾಯುವುದೂ ಹೆಚ್ಚಾಗಿ ಅದೇ. ಯುಎಸ್‌ಬಿ-ಸಿ ತೂತಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಗೊಂದಲವಿದೆ. ಫೋನಿನ ಚಾರ್ಜರ್ ಅದಕ್ಕೆ ಸರಿಯಾಗಿ ಕೂರುತ್ತದೆ, ಆದರೆ 65 ವ್ಯಾಟ್ ಬೇಡುವ ಯಂತ್ರಕ್ಕೆ ಸಾಮಾನ್ಯ ಫೋನ್ ಚಾರ್ಜರ್ ಸಾಲದು. ಪಿನ್ನು ಹೊಂದಿದ ಮಾತ್ರಕ್ಕೆ ಕರೆಂಟು ಹೊಂದುವುದಿಲ್ಲ. ಬ್ಯಾಟರಿ ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಯಂತ್ರವಾದರೆ ಅರ್ಧ ಗಂಟೆ ಚಾರ್ಜಿಗಿಟ್ಟು ಆಮೇಲೆ ಬಟನ್ ಒತ್ತಿ.

ಇಲ್ಲೇ ಒಂದು ಪ್ರಯೋಗವಿದೆ, ಕಾಸು ಖರ್ಚಿಲ್ಲದ್ದು. ಚಾರ್ಜರ್ ಕಿತ್ತುಬಿಡಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಹಾಕಿ ಎಂದಿನಂತೆ ಒಮ್ಮೆ ಒತ್ತಿ. ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದು ಕೂರುವುದನ್ನು ನೋಡಿ ಜನ ಬೆರಗಾಗುತ್ತಾರೆ. ಇದರಲ್ಲಿ ಮಂತ್ರವೇನೂ ಇಲ್ಲ. ನಾವು ಶಟ್‌ಡೌನ್ ಮಾಡಿ ಮುಚ್ಚಿಟ್ಟ ಮೇಲೂ ಲ್ಯಾಪ್‌ಟಾಪಿನೊಳಗೆ ಒಂದು ಸಣ್ಣ ಚಿಪ್ ಎಚ್ಚರವಾಗಿರುತ್ತದೆ. ಮನೆಯವರೆಲ್ಲ ಮಲಗಿದ ಮೇಲೂ ಜಗಲಿಯಲ್ಲಿ ಕೂತಿರುವ ಕಾವಲುಗಾರನ ಹಾಗೆ. ಪವರ್ ಬಟನ್ ನೇರವಾಗಿ ಯಂತ್ರವನ್ನು ಎಬ್ಬಿಸುವುದಿಲ್ಲ, ಈ ಕಾವಲುಗಾರನಿಗೆ ಹೇಳುತ್ತದೆ, ಅವನು ಒಳಗಿನವರನ್ನು ಎಬ್ಬಿಸುತ್ತಾನೆ. ಕರೆಂಟು ಹೋಗಿಬಂದು ಆಡುವಾಗ ಒಮ್ಮೊಮ್ಮೆ ಅವನೇ ಗೊಂದಲಕ್ಕೆ ಬಿದ್ದು ಯಾವ ಕರೆಗೂ ಓಗೊಡದೆ ಕೂರುತ್ತಾನೆ. ಒತ್ತಿ ಹಿಡಿದಾಗ ಉಳಿದ ಚೂರುಪಾರು ವಿದ್ಯುತ್ತು ಖಾಲಿಯಾಗಿ ಅವನೂ ಹೊಸದಾಗಿ ಶುರುವಾಗುತ್ತಾನೆ.

ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ, ಮುಚ್ಚಳ ಪೂರ್ತಿ ಮುಚ್ಚದಿದ್ದರೆ, ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಆಗ ಯಾವ ಪ್ರಯೋಗವೂ ಬೇಡ. ಚಾರ್ಜಿಗಿಡಬೇಡಿ, ಒತ್ತಿ ಕೂರಿಸಬೇಡಿ. ಲಿಥಿಯಂ ಬ್ಯಾಟರಿ ತೂತಾದರೆ ಬೆಂಕಿ ಹತ್ತಬಹುದು. ಸೀದಾ ರಿಪೇರಿಯವರ ಹತ್ತಿರ ಒಯ್ಯಿರಿ. ಕಾಫಿ ಚೆಲ್ಲಿದಾಗಲೂ ಅಷ್ಟೇ: ತಕ್ಷಣ ಆಫ್ ಮಾಡಿ, ಚಾರ್ಜರ್ ಕಿತ್ತು, ಬೋರಲು ಹಾಕಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಒಣಗುತ್ತದೆ ಎಂಬ ಮಾತನ್ನು ನಂಬಬೇಡಿ. "ಈಗ ಸರಿಯಾಯ್ತಾ" ಎಂದು ಆನ್ ಮಾಡಿ ನೋಡುವ ಆತುರವೇ ಬೋರ್ಡನ್ನು ಕೊಲ್ಲುವುದು.

ಈಗ ತಂಗಿಯ ಮಗಳ ಯಂತ್ರಕ್ಕೆ ಬರುತ್ತೇನೆ. ದೀಪವಿದೆ, ಫ್ಯಾನಿದೆ, ಪರದೆ ಕಪ್ಪು. ಇಲ್ಲಿ ಒಂದು ಕವಲು ಇದೆ. ಯಂತ್ರ ಪೂರ್ತಿ ಎದ್ದು, ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿರಬಹುದು. ಅದನ್ನು ತಿಳಿಯಲು ಕೋಣೆಯ ದೀಪ ಆರಿಸಿ, ಫೋನಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಬೇಕು. ಮಸುಕಾಗಿ ಅಕ್ಷರಗಳೋ ಚಿತ್ರವೋ ಕಂಡರೆ ಕೆಟ್ಟಿರುವುದು ಬೆಳಕು ಮಾತ್ರ. ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿದರೂ ಗೊತ್ತಾಗುತ್ತದೆ. ಅವಳು ಎರಡನ್ನೂ ಮಾಡಿದಳು. ಏನೂ ಕಾಣಲಿಲ್ಲ.

ಹಾಗಾದರೆ ಆ ಮಿಣುಕುವ ದೀಪದ ಮಾತು ಕೇಳಲೇಬೇಕು. ಯಾವುದೇ ಕಂಪ್ಯೂಟರ್ ಎದ್ದ ಕೂಡಲೇ ಮೊದಲು ತನ್ನ ಮೈ ತಾನು ಮುಟ್ಟಿ ನೋಡಿಕೊಳ್ಳುತ್ತದೆ. ಪ್ರೊಸೆಸರ್ ಇದೆಯೇ, ತಾತ್ಕಾಲಿಕ ನೆನಪಿನ ಪಟ್ಟಿಯಾದ ರ್‍ಯಾಮ್ ಇದೆಯೇ, ಚಿತ್ರ ಮೂಡಿಸುವ ಭಾಗ ಇದೆಯೇ? ಇದು ಮುಗಿಯುವವರೆಗೆ ಪರದೆಯ ಮೇಲೆ ಬರೆದು ಹೇಳುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ನೋವನ್ನು ಬೀಪ್ ಸದ್ದಿನಲ್ಲೋ ದೀಪದ ಮಿಣುಕಿನಲ್ಲೋ ಹೇಳುತ್ತದೆ. ಎಚ್‌ಪಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಕ್ಯಾಪ್ಸ್ ಲಾಕ್ ದೀಪ ಮಿಣುಕಿದರೆ, ಡೆಲ್ ಯಂತ್ರಗಳಲ್ಲಿ ಬ್ಯಾಟರಿಯ ದೀಪ ಕಿತ್ತಳೆ, ಬಿಳಿ ಎಂದು ಎಣಿಸಿ ಮಿಣುಕುತ್ತದೆ. ಎಷ್ಟು ಸಲ ಮಿಣುಕಿತು, ಎಷ್ಟು ಹೊತ್ತು ಸುಮ್ಮನಾಯಿತು ಎಂಬುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಂಡು, ಮಾಡೆಲ್ ಹೆಸರಿನ ಜತೆ ಕಂಪನಿಯ ಕೈಪಿಡಿಯಲ್ಲಿ ಹುಡುಕಿದರೆ ಅರ್ಥ ಸಿಗುತ್ತದೆ. ಅವಳ ಯಂತ್ರ ಹೇಳುತ್ತಿದ್ದದ್ದು ರ್‍ಯಾಮಿನ ಬಗ್ಗೆ.

ಮಲೆನಾಡಿನ ಆಷಾಢದಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಬೀರುವಿನೊಳಗಿನ ಸೀರೆಯೂ ಥಂಡಿ ವಾಸನೆ ಹೊಡೆಯುತ್ತದೆ. ರ್‍ಯಾಮಿನ ಅಂಚಿನಲ್ಲಿ ಸಾಲಾಗಿರುವ ಚಿನ್ನದ ಬಣ್ಣದ ಹಲ್ಲುಗಳಿಗೂ ಆ ತೇವ ಕೂರುತ್ತದೆ. ವಾರಂಟಿ ಮುಗಿದ ಯಂತ್ರ, ಮನೆಯಲ್ಲಿ ಅವಳಪ್ಪನ ಸಣ್ಣ ಸ್ಕ್ರೂಡ್ರೈವರ್ ಇತ್ತು. ವಿಡಿಯೊ ಕಾಲ್ ಹಾಕಿ ಬಿಚ್ಚಿಸಿದೆ. ಬಿಚ್ಚಿದ ಸ್ಕ್ರೂಗಳನ್ನು ಅವು ಇದ್ದ ಜಾಗದ ಕ್ರಮದಲ್ಲೇ ಒಂದು ಬಿಳಿ ಹಾಳೆಯ ಮೇಲಿಡಲು ಹೇಳಿದೆ, ಏಕೆಂದರೆ ಉದ್ದ ಗಿಡ್ಡ ಇರುತ್ತವೆ. ಹಿಂಬದಿ ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಆಮೇಲೆ ರ್‍ಯಾಮಿನ ಎರಡು ಪಕ್ಕದ ಕ್ಲಿಪ್ಪುಗಳನ್ನು ಹೆಬ್ಬೆರಳಿನಿಂದ ಹೊರಕ್ಕೆ ಸರಿಸಿದಳು. ಆ ಪಟ್ಟಿ ತಾನಾಗಿ ಓರೆಯಾಗಿ ಮೇಲೆದ್ದಿತು. ಹಲ್ಲುಗಳನ್ನು ಮುಟ್ಟದೆ ಅಂಚು ಹಿಡಿದು ತೆಗೆದು, ಒಣ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿದಳು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುವ ರೂಢಿ ಬೆಂಗಳೂರಿನ ಎಸ್‌ಪಿ ರಸ್ತೆಯ ಕಂಪ್ಯೂಟರ್ ಅಂಗಡಿಗಳಿಂದ ಹಿಡಿದು ಎಲ್ಲ ಕಡೆ ಇದೆ, ಕೆಲಸವೂ ಆಗುತ್ತದೆ. ಆದರೆ ಆ ಚಿನ್ನದ ಲೇಪ ಬಲು ತೆಳು. ಬಲವಾಗಿ ಉಜ್ಜಿದರೆ ಅದೇ ಕಿತ್ತುಹೋಗುತ್ತದೆ. ಮತ್ತೆ ಓರೆಯಾಗಿ ತೂರಿಸಿ, ಕೆಳಕ್ಕೆ ಒತ್ತಿದಾಗ ಎರಡೂ ಕ್ಲಿಪ್ಪು ಟಕ್ ಎಂದದ್ದು ನನಗೂ ಕೇಳಿಸಿತು.

ಬ್ಯಾಟರಿ ಜೋಡಿಸಿ ಬಟನ್ ಒತ್ತಿದಳು. ಮತ್ತೆ ಕಪ್ಪು. "ಮಾವ, ಇಲ್ಲ" ಅಂದಳು. "ಮುಟ್ಟಬೇಡ, ಕಾಯಿ" ಅಂದೆ. ರ್‍ಯಾಮ್ ತೆಗೆದು ಹಾಕಿದ ಮೇಲೆ ಯಂತ್ರ ಅದರ ಗುರುತು ಪರಿಚಯ ಹೊಸದಾಗಿ ಮಾಡಿಕೊಳ್ಳುತ್ತದೆ. ಹೊಸ ಡಿಡಿಆರ್5 ಜಾತಿಯವಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು. ಎಷ್ಟೋ ಜನ ಈ ಹೊತ್ತಿನಲ್ಲೇ ಗಾಬರಿಬಿದ್ದು ಆಫ್ ಮಾಡಿಬಿಡುತ್ತಾರೆ. ಇನ್ನೂ ಒಂದು ನಿಮಿಷ ಕಳೆದ ಮೇಲೆ ಕಂಪನಿಯ ಹೆಸರು ಮೂಡಿತು. ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವ ತೆಳು ಲ್ಯಾಪ್‌ಟಾಪುಗಳಲ್ಲಿ ಈ ದಾರಿ ಇಲ್ಲ, ಅದನ್ನೂ ಹೇಳಬೇಕು.

ಕಂಪನಿಯ ಹೆಸರು ಮೂಡಿತು ಎಂದರೆ ಅರ್ಧ ದಾರಿ ಬಂದಂತಾಯಿತು. ಇಲ್ಲಿಂದ ಮುಂದಿನದು ನಿಜಕ್ಕೂ ಸೋಜಿಗದ ಸಂಗತಿ. ಕಂಪ್ಯೂಟರಿಗೆ ಏನು ಮಾಡಬೇಕೆಂದರೂ ಒಂದು ಪ್ರೋಗ್ರಾಂ ಬೇಕು. ಡಿಸ್ಕಿನಿಂದ ವಿಂಡೋಸನ್ನು ತರುವುದಕ್ಕೂ ಬೇಕು. ಆ ತರುವ ಪ್ರೋಗ್ರಾಮನ್ನು ತರುವವರು ಯಾರು? ಬೀಜ ಮೊದಲೋ ಮರ ಮೊದಲೋ ಎಂಬ ನಮ್ಮ ಹಳೆಯ ಪ್ರಶ್ನೆಯೇ ಇದು. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ಮಾತಿನಿಂದ "ಬೂಟ್" ಎಂಬ ಹೆಸರು ಬಂತು. ಉಪಾಯವೆಂದರೆ ಬೀಜವೊಂದನ್ನು ಬೋರ್ಡಿನ ಮೇಲಿನ ಚಿಪ್ಪಿನಲ್ಲೇ ಇಟ್ಟುಬಿಡುವುದು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಬಯೋಸ್ ಎಂಬ ಆ ಬೀಜದ ತೂಕ ಬರೀ 8 ಕಿಲೋಬೈಟ್. ಈಗ ಯುಇಎಫ್‌ಐ ಎಂಬ ಹೊಸ ತಳಿ ಬಂದಿದ್ದರೂ ರಿಪೇರಿಯವರು ಬಯೋಸ್ ಎಂದೇ ಕರೆಯುತ್ತಾರೆ. ಬೀಜದ ಕೆಲಸ ಇಷ್ಟೇ: ಡಿಸ್ಕನ್ನು ಹುಡುಕಿ, ಅಲ್ಲಿನ ಒಂದು ಗೊತ್ತಾದ ಜಾಗದಿಂದ ಸಣ್ಣ ಪ್ರೋಗ್ರಾಂ ಓದಿ, ಯಜಮಾನಿಕೆಯನ್ನು ಅದಕ್ಕೆ ಒಪ್ಪಿಸಿ, ತಾನು ಹಿಂದೆ ಸರಿಯುವುದು.

ಈ ಒಪ್ಪಿಸುವ ಹಂತದಲ್ಲಿ ತಪ್ಪಿದರೆ ಬೂಟ್ ಮಾಡುವ ಡಿಸ್ಕೇ ಇಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಅದನ್ನು ಕಂಡು ಡಿಸ್ಕ್ ಹೋಯಿತೆಂದು ಎದೆ ಒಡೆದುಕೊಳ್ಳಬೇಡಿ. ಹಳೆಯ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ಕಿತ್ತು ಮತ್ತೆ ಆನ್ ಮಾಡಿ. ಯಂತ್ರ ಅದರಲ್ಲೇ ವಿಂಡೋಸ್ ಹುಡುಕಿ ಸೋತಿರಬಹುದು. ಆಮೇಲೆ ಆನ್ ಮಾಡುತ್ತಲೇ ಎಫ್2 ಕೀಲಿ ಒತ್ತುತ್ತಾ ಬಯೋಸಿನೊಳಗೆ ಹೋಗಿ. ಕೆಲವದರಲ್ಲಿ ಎಫ್10, ಎಸ್ಕೇಪ್ ಅಥವಾ ಡಿಲೀಟ್. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತಿದೆಯೇ ಎಂಬುದೊಂದನ್ನೇ ನೋಡಿ ಹೊರಬನ್ನಿ. ಹೆಸರಿದ್ದರೆ ಡಿಸ್ಕ್ ಉಸಿರಾಡುತ್ತಿದೆ, ಕೆಟ್ಟಿರುವುದು ಹೆಚ್ಚಾಗಿ ಅದರ ಮೇಲಿನ ಬರಹ. ಹೆಸರಿಲ್ಲದಿದ್ದರೆ ಡಿಸ್ಕ್ ಸಡಿಲವಾಗಿರಬಹುದು ಅಥವಾ ಸತ್ತಿರಬಹುದು. ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ ಆ ಕ್ಷಣ ಆಫ್ ಮಾಡಿ. ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ತಟ್ಟೆಯ ಮೇಲೆ ಗೀರು ಬೀಳುತ್ತಿರಬಹುದು.

ಇನ್ನು ಕೊನೆಯ ಹಂತ, ತುಮಕೂರು ದಾಟಿ ನಿಲ್ಲುವುದು. ಕಂಪನಿಯ ಹೆಸರು ಬಂತು, ಚುಕ್ಕಿಗಳು ಸುತ್ತುತ್ತಿವೆ, ಸುತ್ತುತ್ತಲೇ ಇವೆ. ಇಲ್ಲವೇ ನೀಲಿ ಪರದೆ ಬಂದು ತಾನಾಗಿ ಮತ್ತೆ ಶುರುವಾಗುತ್ತದೆ, ಮತ್ತೆ ನೀಲಿ. ವಿಂಡೋಸ್ 11ರಲ್ಲಿ 2025ರಿಂದೀಚೆಗೆ ಆ ನೀಲಿಯೂ ಕಪ್ಪಾಗಿದೆ. 2024ರ ಜುಲೈ 19ರ ಶುಕ್ರವಾರ ಇಡೀ ಜಗತ್ತು ಈ ಸುಳಿಗೆ ಸಿಕ್ಕಿದ್ದು ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ 9.39ಕ್ಕೆ ಒಂದು ಸಣ್ಣ ಅಪ್‌ಡೇಟ್ ಕಳಿಸಿತು. ಅವರ ಪ್ರೋಗ್ರಾಂ ಒದಗಿಸಿದ್ದು 20 ಅಂಶಗಳನ್ನು, ಹೊಸ ಕಡತ ಹುಡುಕಿದ್ದು 21ನ್ನು. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ವಿಂಡೋಸ್ ಕುಸಿಯಿತು. ಅದು ಯಂತ್ರ ಏಳುವಾಗಲೇ ಜತೆಗೇಳುವ ಪ್ರೋಗ್ರಾಂ, ಹಾಗಾಗಿ ಎದ್ದಾಗಲೆಲ್ಲ ಕುಸಿಯಿತು. 78 ನಿಮಿಷದಲ್ಲಿ ಅಪ್‌ಡೇಟನ್ನು ವಾಪಸ್ ಪಡೆದರು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಲೆಕ್ಕದ ಪ್ರಕಾರ ಸುಮಾರು 85 ಲಕ್ಷ ಯಂತ್ರಗಳು ಮಲಗಿದ್ದವು. ನಮ್ಮ ದೇಶದಲ್ಲೂ ವಿಮಾನಯಾನಿಗಳಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು.

ಅಂದು ಆ ಯಂತ್ರಗಳೇನೂ ಹಾಳಾಗಿರಲಿಲ್ಲ. ಅವುಗಳೊಳಗಿನ ಫೈಲುಗಳನ್ನು ಆ ಅಪ್‌ಡೇಟ್ ಅಳಿಸಿರಲಿಲ್ಲ. ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಒಂದು ಕಡತ ಅಳಿಸಿದರೆ ಮುಗಿಯುತ್ತಿತ್ತು. ಸೇಫ್ ಮೋಡ್ ಎಂದರೆ ಜಾತ್ರೆಗೆ ಬಂದ ನೆಂಟರನ್ನೆಲ್ಲ ಹೊರಗೆ ನಿಲ್ಲಿಸಿ ಮನೆಯವರು ಮಾತ್ರ ಏಳುವುದು. ಆಮೇಲೆ ತಂಟೆಕೋರ ಯಾರೆಂದು ಹುಡುಕಬಹುದು. ಸುತ್ತುತ್ತಲೇ ನಿಂತ ಲ್ಯಾಪ್‌ಟಾಪಿನಲ್ಲಿ ಅಲ್ಲಿಗೆ ಹೋಗುವ ದಾರಿ ಹೀಗೆ: ಚುಕ್ಕಿಗಳು ಸುತ್ತುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತನಗೇನೋ ಆಗಿದೆ ಎಂದರಿತು ರಿಪೇರಿಯ ಪರದೆ ತರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್‌ಡ್ ಆಪ್ಷನ್ಸ್. ಸ್ಟಾರ್ಟಪ್ ರಿಪೇರ್ ಮೊದಲು ನೋಡಿ. ಹೊಸ ಅಪ್‌ಡೇಟ್ ಆದ ಮರುದಿನವೇ ತೊಂದರೆ ಬಂದಿದ್ದರೆ ಅಪ್‌ಡೇಟ್ ತೆಗೆಯುವ ಆಯ್ಕೆಯೂ ಅಲ್ಲಿದೆ. ಸ್ಟಾರ್ಟಪ್ ಸೆಟ್ಟಿಂಗ್ಸ್ ಒಳಗೆ ಹೋಗಿ ರೀಸ್ಟಾರ್ಟ್ ಮಾಡಿ 4 ಒತ್ತಿದರೆ ಸೇಫ್ ಮೋಡ್. ಪ್ರಾಸಂಗಿಕವಾಗಿ ಒಂದು ಮಾತು: ಶಟ್‌ಡೌನ್ ಮಾಡಿ ಆನ್ ಮಾಡುವುದೂ ರೀಸ್ಟಾರ್ಟ್ ಮಾಡುವುದೂ ಒಂದೇ ಅಲ್ಲ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಮಾಡಿದಾಗ ಯಂತ್ರ ಸಾಮಾನ್ಯವಾಗಿ ಬೇಗ ಏಳಲೆಂದು ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಎತ್ತಿಟ್ಟುಕೊಂಡು ಮಲಗುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟಿನಲ್ಲಿ.

2024ರ ಆ ಜುಲೈನಲ್ಲಿ ಇನ್ನೊಂದು ತೊಡಕೂ ಎದುರಾಯಿತು. ಬಹಳಷ್ಟು ಯಂತ್ರಗಳ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿತ್ತು. ರಿಪೇರಿಯ ಬಾಗಿಲಿಂದ ಒಳಗೆ ಹೋಗಬೇಕೆಂದರೆ 48 ಅಂಕೆಗಳ ಕೀಲಿ ಕೇಳುತ್ತದೆ. ಈಗಿನ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಹೊಸ ಲ್ಯಾಪ್‌ಟಾಪ್ ಶುರುಮಾಡಿದರೆ ಬಹುಮಟ್ಟಿಗೆ ಈ ಬೀಗ ತಾನಾಗಿ ಬೀಳುತ್ತದೆ. ಕೀಲಿ ಆ ಖಾತೆಯಲ್ಲೇ ಇರುತ್ತದೆ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವನು ಯಾವುದೋ ಇಮೇಲ್ ಹಾಕಿ ಸೆಟ್ ಮಾಡಿಕೊಟ್ಟಿದ್ದರೆ ಆ ಖಾತೆ ಯಾರದು, ಪಾಸ್‌ವರ್ಡ್ ಏನು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಯಂತ್ರ ಚೆನ್ನಾಗಿರುವಾಗಲೇ ಆ ಕೀಲಿಯನ್ನು ಹುಡುಕಿ, ಆರಾರು ಅಂಕೆಗಳ ಎಂಟು ಗುಂಪುಗಳನ್ನೂ ಕಾಗದದ ಮೇಲೆ ಬರೆದು ರೇಷನ್ ಕಾರ್ಡಿನ ಜತೆ ಇಡಿ.

ಇಷ್ಟೆಲ್ಲ ಬರೆಯುವಾಗ ನನ್ನ ಮನಸ್ಸಿನಲ್ಲಿದ್ದವರು ನಮ್ಮ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರು. ಆರು ವರ್ಷ ಊರೂರು ತಿರುಗಿ, ಅಜ್ಜಿಯರ ಎದುರು ಕೂತು ಸೋಬಾನೆ ಪದಗಳನ್ನು ಬರೆದುಕೊಂಡವರು. ಎಪ್ಪತ್ತು ದಾಟಿದ ಮೇಲೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಿಂಗ್ ಕಲಿತು, ಒಂದೊಂದೇ ಪದವನ್ನು ಲ್ಯಾಪ್‌ಟಾಪಿಗೆ ಹಾಕುತ್ತಿದ್ದರು. ಒಂದು ದಿನ ಚುಕ್ಕಿಗಳು ಸುತ್ತುತ್ತಾ ನಿಂತವು. ಪೇಟೆಯ ಅಂಗಡಿಯೊಂದಕ್ಕೆ ಒಯ್ದು ಕೊಟ್ಟರು. "ವಿಂಡೋಸ್ ಹೋಗಿದೆ ಸಾರ್, ಹೊಸದು ಹಾಕ್ಕೊಡ್ತೀವಿ" ಎಂದರಂತೆ. ಸರಿ ಎಂದು ಬಂದರು. ಹೊಸದು ಹಾಕುವುದು ಎಂದರೆ ಫಾರ್ಮ್ಯಾಟ್ ಹೊಡೆದು ಇದ್ದದ್ದನ್ನೆಲ್ಲ ಅಳಿಸುವುದು ಎಂದು ಅವರಿಗೆ ಗೊತ್ತಿರಲಿಲ್ಲ, ಅಂಗಡಿಯ ಹುಡುಗ ಕೇಳಲೂ ಇಲ್ಲ. ಮರುದಿನ ಯಂತ್ರ ಚುರುಕಾಗಿ ಎದ್ದಿತು. ಪರದೆ ತೊಳೆದಿಟ್ಟ ಹಾಗಿತ್ತು.

ನನ್ನ ಹತ್ತಿರ ತಂದಾಗ ಮಾಡಲು ಏನೂ ಉಳಿದಿರಲಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ಫಾರ್ಮ್ಯಾಟ್ ಆದ ಮೇಲೂ ಎಷ್ಟೋ ಸಲ ಫೈಲುಗಳನ್ನು ಹೆಕ್ಕಿ ತೆಗೆಯಬಹುದು. ಅವರದು ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ. ಅಳಿಸಿದ ಜಾಗವನ್ನು ಅದು ತನ್ನ ಪಾಡಿಗೆ ತಾನು ಒಳಗೊಳಗೇ ಪೂರ್ತಿ ಬರಿದುಮಾಡಿಕೊಳ್ಳುತ್ತದೆ. ಅವರ ಯಂತ್ರ ನಿಂತದ್ದು ಕೊನೆಯ ಹಂತದಲ್ಲಿ, ಡಿಸ್ಕ್ ಗಟ್ಟಿಯಾಗಿಯೇ ಇತ್ತು. ಅದನ್ನು ಹೊರತೆಗೆದು ಐನೂರೋ ಸಾವಿರವೋ ರೂಪಾಯಿಯ ಒಂದು ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿದ್ದರೆ ಪದಗಳೆಲ್ಲ ಸಿಗುತ್ತಿದ್ದವು. ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆಯಾದ ಉಬುಂಟು ಹಾಕಿದ ಪೆನ್‌ಡ್ರೈವಿನಿಂದ ಎಬ್ಬಿಸಿದ್ದರೂ ಸಿಗುತ್ತಿದ್ದವು. ಅದೂ ಬೇಡ, ರಿಪೇರಿಯ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ನೋಟ್‌ಪ್ಯಾಡ್ ತೆರೆಯುತ್ತದೆ. ಅದರ ಫೈಲ್ ಮೆನುವಿನ ಓಪನ್ ಒತ್ತಿ, ಎಲ್ಲ ಬಗೆಯ ಫೈಲುಗಳನ್ನೂ ತೋರಿಸು ಎಂದರೆ ಇಡೀ ಡಿಸ್ಕ್ ಕಣ್ಣೆದುರು ಬರುತ್ತದೆ. ಬೇಕಾದ ಫೋಲ್ಡರನ್ನು ಕಾಪಿ ಮಾಡಿ ಪೆನ್‌ಡ್ರೈವಿನಲ್ಲಿ ಪೇಸ್ಟ್ ಮಾಡಬಹುದು. ಹತ್ತು ನಿಮಿಷದ ಕೆಲಸ. ಇದು ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ರಿಪೇರಿಗೆ ಕೊಡುವಾಗ "ನನ್ನ ಫೈಲು ಮೊದಲು, ವಿಂಡೋಸ್ ಆಮೇಲೆ, ಕೇಳದೆ ಫಾರ್ಮ್ಯಾಟ್ ಮಾಡಕೂಡದು" ಎಂದು ಬಾಯಲ್ಲಿ ಹೇಳಿ, ರಸೀದಿಯ ಮೇಲೂ ಬರೆಸಿಕೊಳ್ಳಿ. ಕೇಳುವುದಕ್ಕೆ ಸಂಕೋಚಪಡಬೇಡಿ.

ತಂಗಿಯ ಮಗಳ ಡೆಸ್ಕ್‌ಟಾಪ್ ಕಂಡ ಕೂಡಲೇ ನಾನು ಮಾಡಿಸಿದ್ದೂ ಫೈಲು ಉಳಿಸುವ ಕೆಲಸವನ್ನೇ. ರಿಪೋರ್ಟ್ ತಿದ್ದಲು ಕೂತವಳನ್ನು ತಡೆದು ಮೊದಲು ಪೆನ್‌ಡ್ರೈವಿಗೆ ಕಾಪಿ ಮಾಡಿಸಿದೆ. "ಆಯ್ತು ಮಾವ" ಎಂದಾಗ ರಾತ್ರಿ ಹತ್ತೂಮುಕ್ಕಾಲು.

ಮೇಷ್ಟ್ರು ಈಗ ಮತ್ತೆ ಟೈಪ್ ಮಾಡುತ್ತಿದ್ದಾರೆ. ಹಳೆಯ ನೋಟ್‌ಬುಕ್ಕುಗಳಲ್ಲಿ ಅರ್ಧದಷ್ಟು ಪದಗಳು ಉಳಿದಿದ್ದವು, ಉಳಿದವನ್ನು ನೇರ ಲ್ಯಾಪ್‌ಟಾಪಿಗೇ ಹಾಕಿದ್ದರು. ಹಾಡಿದ ಅಜ್ಜಿಯರಲ್ಲಿ ಇಬ್ಬರು ಈಗಿಲ್ಲ. ಇದ್ದವರ ಮನೆಗೆ ಮತ್ತೆ ಹೋಗಿ ಬಂದರು. ಪ್ರತಿ ಶನಿವಾರ ಸಂಜೆ ನಮ್ಮ ಗೇಟಿನ ಹತ್ತಿರ ನಿಂತು ಒಂದು ಪೆನ್‌ಡ್ರೈವ್ ಕೊಡುತ್ತಾರೆ, ಹಿಂದಿನ ವಾರದ್ದನ್ನು ವಾಪಸ್ ಒಯ್ಯುತ್ತಾರೆ. ಇಂದು ಕೊಟ್ಟಿದ್ದರಲ್ಲಿ ಹೊಸದಾಗಿ ಮೂರು ಪದಗಳಿವೆ.